ಹಲ್ಲಿಗೆ ತಿಕ್ಕುವ ಚಟ್ನಿ

ಯಾದಗಿರಿ ಕಡೆಯಿಂದ ಲಿಂಗರಾಜಪುರಕ್ಕೆ ದುಡಿಯಲು ಬಂದಾಗ ಅಮೃತಮ್ಮ ಗಂಡ, ಮಗಳು, ಎರಡು ಕೊಡಗಳ ಜೊತೆ ತಂಬಾಕು ಹುರಿಯುವ ಹೆಂಚನ್ನೂ ಮರೆಯದೆ ತಂದಿದ್ದಳು. ಎಲೆತಂಬಾಕನ್ನು ಕರ್ರಗೆ ಹುರಿದು, ಪುಡಿ ಮಾಡಿ, ಬೆಳಿಗ್ಗೆ ಎದ್ದು ಬೆರಳಿನಿಂದ ಹಲ್ಲಿಗೆ ತಿಕ್ಕಿಕೊಳ್ಳದಿದ್ದರೆ ಅವಳಿಗೆ ಬೆಳಕೇ ಹರಿಯುತ್ತಿರಲಿಲ್ಲ. ಅವಳ ತವರಿನ ಹೆಂಗಸರೆಲ್ಲ ಮಾಡುವುದೇ ಅದು. ಊರಲ್ಲಾದರೆ ಹೊಗೆ ಹೊಲದ ಕಡೆ ಹೋಗುತ್ತಿತ್ತು, ಇಲ್ಲಿ ಒಬ್ಬಳು ತಂಬಾಕು ಹುರಿದರೆ ಕೆಮ್ಮುವುದು ಇಡೀ ವಠಾರ. ಮನೆ ಒಡತಿ ಶಂಶುನ್ನೀಸಾ ಮಹಡಿಯಿಂದ ಮೂಗಿಗೆ ದುಪಟ್ಟಾ ಒತ್ತಿಕೊಂಡು ಕೂಗುತ್ತಿದ್ದಳು.

“ಅಮೃತಮ್ಮಾ, ಹೊಗೆ ಹಾಕಿ ನಮ್ಗೆ ಸೊಳ್ಳೆ ಓಡ್ಸಿದಂಗೆ ಓಡಿಸ್ತೀರಾ?”

ಮಗಳು ಸೌಂದರ್ಯಾ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಯಾರೋ ಬಂದು ತಂಬಾಕು ತಿಂದ ಬಾಯಿಗಳ ಚಿತ್ರ ತೋರಿಸಿ ಹೋದರು. ಅವತ್ತು ಅವಳಿಗೆ ಊಟ ಸೇರಲಿಲ್ಲ. ಅವ್ವನ ಚಟ ಬಿಡಿಸಿಯೇ ಬಿಡಬೇಕೆಂದು ಪಣ ತೊಟ್ಟಳು.

ಮೊದಲು ಅಂಗಡಿಯ ಪೇಸ್ಟ್ ತಂದುಕೊಟ್ಟಳು. ಅಮೃತಮ್ಮ ಎರಡು ಸಲ ತಿಕ್ಕಿ ಉಗಿದಳು. “ಯವ್ವಾ, ಇದು ಸಣ್ಣ ಕೂಸುಗೋಳು ನೆಕ್ಕೋದು. ಬಾಯಿ ಝುಮ್ ಅನಬ್ಯಾಡೇನು?”

ಝುಮ್ ಅನ್ನಿಸಬೇಕು, ಸರಿ. ಸೌಂದರ್ಯಾ ಮೊಬೈಲಿನಲ್ಲಿ ನೋಡಿ ತಾನೇ ಪೇಸ್ಟ್ ಮಾಡಲು ಕೂತಳು. ಕೊಬ್ಬರಿ ಎಣ್ಣೆ, ಅಡುಗೆ ಸೋಡಾ, ನುಣ್ಣಗೆ ಕುಟ್ಟಿದ ಉಪ್ಪು, ನೆರಳಲ್ಲಿ ಒಣಗಿಸಿದ ಬೇವಿನೆಲೆ, ಶಿವಾಜಿನಗರದ ಗ್ರಂಥಿಗೆ ಅಂಗಡಿಯಿಂದ ತಂದ ಲವಂಗ. ಮೊದಲ ಸಲದ್ದು ಸಪ್ಪೆ ಎಂದಳು ತಾಯಿ. ಎರಡನೆಯದೂ ಸಪ್ಪೆ. ಮೂರನೆಯ ಸಲ ರೋಸಿಹೋಗಿ ಒಂದು ಹಿಡಿ ಲವಂಗ ಅರೆದು ಹಾಕಿದಳು. ತಿಕ್ಕಿಕೊಂಡ ಅಮೃತಮ್ಮನ ಕಣ್ಣು ಅರಳಿತು.

“ಹಾಂ! ಇದು ನೋಡು ಮಾಲು. ನಾಲಿಗಿ ಜೋಮು ಹಿಡೀತು. ಇನ್ನ ಈ ಚಟ್ನೀನೇ ಇರ್ಲಿ.”

ಚಟ್ನಿ ಎಂಬ ಹೆಸರೇ ಅದಕ್ಕೆ ನಿಂತಿತು. ಹೆಂಚು ಗುಜರಿಗೆ ಹೋಯಿತು. ಮೂವತ್ತು ವರ್ಷದ ಚಟ ಒಂದು ಸ್ಟೀಲ್ ಡಬ್ಬಿಗೆ ಸೋತಿತು ಎಂದು ಸೌಂದರ್ಯಾ ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ಬೀಗಿದಳು. ಬೀಗುವಂಥದ್ದೇ ಆಗಿತ್ತು, ಪಾಪ.

ಅಮೃತಮ್ಮನ ನಾಲಿಗೆಯ ಬದಿಗೆ ಒಂದು ಹುಣ್ಣು ಆಗಲೇ ಇತ್ತು. ರೊಟ್ಟಿಯ ಜೊತೆ ಖಾರ ತಾಗಿದರೆ ಚುರುಗುಟ್ಟುತ್ತಿತ್ತು. ಚಟ್ನಿ ಹಚ್ಚಿದರೆ ಉರಿ ನಿಂತುಬಿಡುತ್ತಿತ್ತು. “ನಿನ್ನ ಕೈಗುಣ ಛಲೋ ಅದ” ಎಂದು ತಾಯಿ ಹೊಗಳಿದಾಗ ಸೌಂದರ್ಯಾ ಹಿಗ್ಗಿ ಹೀರೇಕಾಯಿಯಾಗಿ ಮುಂದಿನ ಡಬ್ಬಿಗೆ ಲವಂಗದ ಎಣ್ಣೆಯನ್ನೂ ಬೆರೆಸಿದಳು. ನೋವು ಹೋದರೆ ರೋಗವೂ ಹೋಯಿತೆಂದು ನಂಬುವುದು ನಮ್ಮೆಲ್ಲರ ಬುದ್ಧಿ. ಹುಡುಗಿಯೊಬ್ಬಳನ್ನೇ ದೂರಿ ಏನು ಪ್ರಯೋಜನ?

ಒಂದು ವರ್ಷದ ಮೇಲೆ ದವಡೆಯ ಕೆಳಗೆ ಗಂಟು ಕಾಣಿಸಿತು. ಆಸ್ಪತ್ರೆಯ ಡಾಕ್ಟರು ಬಾಯಿ ತೆರೆಸಿ, ನಾಲಿಗೆಯನ್ನು ಬದಿಗೆ ಸರಿಸಿ ನೋಡಿದರು.

“ಇಷ್ಟ್ ದಿನ ನೋವೇ ಆಗ್ಲಿಲ್ವಾ ಇವ್ರಿಗೆ?”

ಸೌಂದರ್ಯಾ ತಾನು ಮಾಡುತ್ತಿದ್ದ ಪೇಸ್ಟಿನ ವಿಷಯ ಹೇಳಿದಳು. ಡಾಕ್ಟರು ಗದರಲಿಲ್ಲ. “ಲವಂಗ ಮರಗಟ್ಟಿಸುತ್ತೆ ಅಷ್ಟೇಮ್ಮಾ. ಹುಣ್ಣು ಒಳಗೊಳಗೇ ಬೆಳೆದಿದೆ. ಮುಂಚೆನೇ ಬಂದಿದ್ರೆ ಸ್ವಲ್ಪ ತೆಗೆದು ಬಿಡ್ಬಹುದಿತ್ತು. ಈಗ ನಾಲಿಗೆ ಪೂರ್ತಿ ತೆಗೀಬೇಕಾಗುತ್ತೆ. ಮಾತು ಬರೋದು ಕಷ್ಟ” ಎಂದರು. ಅಮೃತಮ್ಮ ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

ಅಂದಿನಿಂದ ಸೌಂದರ್ಯಾ ತಾಯಿಯ ಮುಖ ನೋಡಿ ಮಾತಾಡಲಾರದೆ ಹೋದಳು. ಉಣ್ಣಿಸುವಳು, ತಲೆ ಬಾಚುವಳು, ಕಣ್ಣು ಮಾತ್ರ ನೆಲದ ಮೇಲೆ. ಅವ್ವನ ನಾಲಿಗೆಯನ್ನು ತಿಂದದ್ದು ತಾನೇ ಎಂಬ ಸಂಕಟ ಅವಳನ್ನು ಅರೆಯುತ್ತಿತ್ತು.

ಆಪರೇಷನ್ನಿನ ಹಿಂದಿನ ಸಂಜೆ ಅಮೃತಮ್ಮನ ಗಂಡ ಚಂದ್ರಾಮಪ್ಪ ಗಾರೆ ಕೆಲಸ ಮುಗಿಸಿ, ಸಿಮೆಂಟಿನ ಕೈಯಲ್ಲೇ ವಾರ್ಡಿಗೆ ಬಂದ. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದವನು ಹೆಂಡತಿಯ ಬಾತುಕೊಂಡ ಮುಖ ನೋಡಿ ತಡೆಯಲಾರದೆ ಮಗಳ ಮೇಲೆ ಹರಿಹಾಯ್ದ.

“ಮೊಬೈಲ್ ನೋಡಿ ಡಾಕ್ಟರಕಿ ಆಗಾಕ ಹೋದಿ. ನಿಮ್ಮವ್ವನ ಬಾಯಿ ನೀನೇ ಕಟ್ಟಿದಿ!”

ಅವನು ಹೇಳಿದ್ದನ್ನೇ ಸೌಂದರ್ಯಾ ದಿನವೂ ತನಗೆ ತಾನು ಹೇಳಿಕೊಳ್ಳುತ್ತಿದ್ದಳು.

ಅಮೃತಮ್ಮ ಮಂಚಕ್ಕೆ ಕೈಯೂರಿ ಎದ್ದು ಕೂತಳು. ಆಗಲೇ ಮಾತು ತೊದಲುತ್ತಿತ್ತು. ಒಂದೊಂದು ಶಬ್ದಕ್ಕೂ ಅವಳು ನೋವು ನುಂಗಬೇಕಿತ್ತು.

“ಆಕೀಗಿ ಯಾಕ ಬೈತೀರಿ? ನಾ ಆ ಚಟ್ನಿ ತಿಕ್ಕೇ ಇಲ್ಲ.”

ಚಂದ್ರಾಮಪ್ಪ ಹೆಂಡತಿಯತ್ತ ತಿರುಗಿದ.

“ಬೆರಳಿಗಿ ಹಚ್ಕೊಂಡು ನಳದಾಗ ತೊಳದು ಬಿಡ್ತಿದ್ದೆ. ಬಾಣಸವಾಡಿಗಿ ಮನಿಗೆಲಸಕ್ಕ ಹೋದಲ್ಲಿ ತಂಬಾಕೇ ತಿಕ್ತಿದ್ದೆ. ಹುಡುಗಿ ಬಡ್ಕೊಂಡಳು, ನಾ ಕೇಳ್ಲಿಲ್ಲ. ತಪ್ಪು ನಂದು.”

ಚಂದ್ರಾಮಪ್ಪ ಸ್ಟೂಲಿನ ಮೇಲೆ ಕುಸಿದು ತಲೆಗೆ ಕೈ ಹೊತ್ತ. ಅವನು ನಂಬಿದ. ಹೊತ್ತು ಹುಟ್ಟುವ ಮೊದಲೇ ಕೆಲಸಕ್ಕೆ ಓಡುವ ಗಂಡಸಿಗೆ ಹೆಂಡತಿ ಹಲ್ಲಿಗೆ ಏನು ತಿಕ್ಕುತ್ತಾಳೆಂದು ಹೇಗೆ ಗೊತ್ತಾಗಬೇಕು?

ಸೌಂದರ್ಯಾಳಿಗೆ ಗೊತ್ತಿತ್ತು. ಹಿಂದೆ ತಂಬಾಕಿನಿಂದ ಕಪ್ಪಾಗಿದ್ದ ಹಲ್ಲುಗಳು, ತಾಯಿ ಇಷ್ಟು ಹೇಳುವಾಗ, ಅವಳ ಕಣ್ಣೆದುರಿಗೇ ಬೆಳ್ಳಗೆ ಕಾಣುತ್ತಿದ್ದವು. ಸುಳ್ಳು ಹೇಳುವ ಬಾಯಲ್ಲೇ ಸಾಕ್ಷಿ ಇತ್ತು. “ಇಲ್ಲ ಯವ್ವಾ” ಎನ್ನಲು ಹೊರಟವಳು ತಾಯಿಯ ಕಣ್ಣು ನೋಡಿ ತಡೆದಳು. ಆ ಕಣ್ಣುಗಳು ಬೇಡಿಕೊಳ್ಳುತ್ತಿದ್ದವು. ನಾಳೆ ಇಲ್ಲವಾಗುವ ನಾಲಿಗೆಯಿಂದ ಕಷ್ಟಪಟ್ಟು ಆಡಿದ ಮಾತು; ಅದನ್ನು ಮಗಳೇ ವ್ಯರ್ಥ ಮಾಡುವುದೇ?

ಎಷ್ಟೋ ದಿನಗಳ ಮೇಲೆ ಅವಳು ತಾಯಿಯ ಮುಖ ನೋಡಿ ಮಾತಾಡಿದಳು.

“ಹಂಗ್ಯಾಕ ಮಾಡ್ದಿ ಯವ್ವಾ? ಅಷ್ಟ್ ಹೇಳಿದ್ನೆಲ್ಲಾ ನಿನಗ! ನನ್ನ ಮಾತು ಒಂದರೇ ಕೇಳಿದಿಯೇನು?” ಎಂದು ಬೈದಳು. ಬೈಯುತ್ತಾ ಬೈಯುತ್ತಾ ಬಿಕ್ಕಿ ಬಿಕ್ಕಿ ಅತ್ತಳು.

ಅಮೃತಮ್ಮ ಮಗಳಿಂದ ಬೈಸಿಕೊಂಡು, ಸಮಾಧಾನವಾಗಿ ದಿಂಬಿಗೆ ಒರಗಿದಳು. ಬೆಳಿಗ್ಗೆ ಗಾಲಿಮಂಚ ಬಂದು ಒಳಗೆ ಕರೆದೊಯ್ಯುವ ತನಕ ಅವಳು ಮತ್ತೆ ಬಾಯಿ ತೆರೆಯಲಿಲ್ಲ. ಆಡಬೇಕಾದ ಮಾತನ್ನು ಆಡಿ ಮುಗಿಸಿದ್ದಳು.