ಗಾಳಿಯ ಕಸ

"ಎದ್ದೇಳೇ ಬೋಳಿ. ಕೂತ ಕಡೆಯೆಲ್ಲ ಮಸಿ. ಬೆಂಚೇನು ನಿಮ್ಮಪ್ಪ ಮಾಡಿಸಿದ್ನಾ?"

ಮೇಸ್ತ್ರಿ ಬೈದದ್ದು ನನ್ನ ಅತ್ತೆಗೆ. ಮಂಡಿನೋವು ತಡೆಯಲಾರದೆ ಅವಳು ಬಂದರಿನ ಆಫೀಸಿನ ಮುಂದಿನ ಬೆಂಚಿನ ತುದಿಗೆ ಒಂದು ಗಳಿಗೆ ಕೂತಿದ್ದಳು, ಅಷ್ಟೆ. ಕೇಳಿಸದವಳಂತೆ ಎದ್ದು ಸೀರೆ ಕೊಡವಿದಳು. ಗಾಳಿ ಮೇಸ್ತ್ರಿಯ ಬಿಳಿ ಅಂಗಿಯ ಕಡೆಗೆ ಬೀಸುತ್ತಿತ್ತು. ಅದನ್ನು ನೋಡಿಕೊಂಡೇ ಕೊಡವಿದಳು.

ಹಡಗಿನಿಂದ ಕಲ್ಲಿದ್ದಲು ಇಳಿಸುವಾಗ ಕ್ರೇನಿನ ಬಾಯಿಂದ ಉದುರಿದ್ದನ್ನು ಗುಡಿಸಿ ಬುಟ್ಟಿಗೆ ತುಂಬುವ ಹೆಂಗಸರು ನಾವು. ನಮಗೆ ಬಂದರಿನಲ್ಲಿ ಎಲ್ಲೂ ಕೂರುವ ಹಾಗಿಲ್ಲ. ಊಟವೂ ನಿಂತೇ. ಮನೆಗೆ ಹೋಗಿ ಎಷ್ಟು ಸೋಪು ಉಜ್ಜಿದರೂ ಹೋಗದ ಕಪ್ಪನ್ನು ಮಗಳು ನನ್ನ ಉಗುರಿನಿಂದ ಕಡ್ಡಿಯಲ್ಲಿ ತೆಗೆಯುತ್ತಾ ಮಡಿಲಲ್ಲೇ ನಿದ್ದೆ ಹೋಗುತ್ತಾಳೆ.

ಅಂದು ಕಲ್ಲಿದ್ದಲಿನ ಕೊನೆಯ ಹಡಗು ಖಾಲಿಯಾಗಿತ್ತು. ಇನ್ನು ಮೇಲೆ ಕರೆಂಟು ಗಾಳಿಯಿಂದಂತೆ. ಹಡಗುಗಳು ತರುವುದು ಗಾಳಿಯಂತ್ರದ ರೆಕ್ಕೆಗಳನ್ನಂತೆ. ಮೊದಲ ರೆಕ್ಕೆ ಆಗಲೇ ಬಂದು ಕಟ್ಟೆಯುದ್ದಕ್ಕೂ ಮಲಗಿತ್ತು, ಹಾಲಿನಂತೆ ಬೆಳ್ಳಗೆ. ಅದನ್ನು ನೋಡಲು ದೊಡ್ಡವರು ಬರುವವರಿದ್ದರು.

"ಅವ್ರ ಕಾರು ಬರೋದ್ರೊಳಗೆ ಹಿಂದಿನ ಗೇಟಿಂದ ತೊಲಗಿ," ಎಂದ ಮೇಸ್ತ್ರಿ. "ನಾಳೆಯಿಂದ ಈ ಕಡೆ ತಲೆ ಹಾಕ್ಬೇಡಿ."

"ರೆಕ್ಕೆ ತರೋ ಹಡಗಲ್ಲೂ ನಮಗೆ ಏನಾದ್ರೂ ಕೆಲಸ ಇರುತ್ತಲ್ಲಣ್ಣ," ಎಂದೆ. ನನಗೆ ಮನೆಯ ಒಲೆ ಕಣ್ಣಿಗೆ ಕಟ್ಟಿತ್ತು.

"ಗಾಳಿಗೆ ಕಸ ಇರುತ್ತೇನೇ, ಗುಡಿಸೋಕೆ?"

"ಇರಲ್ವಾ?" ಎಂದಳು ಅತ್ತೆ. "ಹಂಗಾದ್ರೆ ನಿನ್ನ ಬಾಯಿಂದ ಬರೋದೇನಪ್ಪ?"

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಮೇಸ್ತ್ರಿ ಗೇಟಿನ ದಿಕ್ಕಿಗೆ ಬೆರಳು ತೋರಿಸಿದ. ಅತ್ತೆ ಬುಟ್ಟಿ ಎತ್ತಿಕೊಂಡು ಹೊರಟಳು, ಆದರೆ ಗೇಟಿನ ಕಡೆಗಲ್ಲ. ರೆಕ್ಕೆಯ ಸಪೂರ ತುದಿ ಬೆಂಚಿನ ಎತ್ತರಕ್ಕಿತ್ತು. ಬುಟ್ಟಿ ಕೆಳಗಿಟ್ಟು ರೆಕ್ಕೆಯ ಮೇಲೆ ಕೂತೇಬಿಟ್ಟಳು.

"ಅಯ್ಯಪ್ಪಾ, ಎಷ್ಟು ತಣ್ಣಗಿದೆ. ಬಾರೇ ಮಗಳೇ, ಕೂತು ನೋಡು."

ನಾನು ಮೇಸ್ತ್ರಿಯ ಮುಖ ನೋಡಿದೆ. ಆದರೂ ಹೋಗಿ ಕೂತೆ. ನನ್ನ ಪಕ್ಕ ಇನ್ನೊಬ್ಬಳು, ಅವಳ ಪಕ್ಕ ಮತ್ತೊಬ್ಬಳು.

"ಲೇ ದರಿದ್ರ ಮುಂಡೇವಾ, ಏಳ್ರೇ!" ಮೇಸ್ತ್ರಿ ಓಡಿಬಂದು ಅತ್ತೆಯ ರಟ್ಟೆಗೆ ಕೈ ಚಾಚಿದ. ತನ್ನ ಇಸ್ತ್ರಿ ಮಾಡಿದ ತೋಳು ನೋಡಿಕೊಂಡ. ಕೈ ಹಿಂದೆ ಹೋಯಿತು.

"ಹಿಡಿದು ಎಳಿಯೋ," ಎಂದಳು ಅತ್ತೆ. "ಯಾಕೆ, ನಾಚಿಕೆನಾ?"

ಗೇಟಿನಲ್ಲಿ ಕಾರಿನ ಹಾರ್ನು ಕೇಳಿತು. ಮೇಸ್ತ್ರಿಯ ದನಿ ಇಳಿಯಿತು. "ಏಳಮ್ಮಾ, ನಿನ್ನ ದಮ್ಮಯ್ಯ. ನಾಳೆ ಮಾತಾಡೋಣ."

ಅತ್ತೆ ಕೈಯೂರಿ ನಿಧಾನಕ್ಕೆ ಎದ್ದಳು. ಅವಳು ಕೂತಿದ್ದ ಜಾಗದಲ್ಲಿ ಎರಡು ದುಂಡನೆಯ ಕರಿ ಗುರುತು ಅಚ್ಚೊತ್ತಿದಂತೆ ಮೂಡಿತ್ತು. ಕುಂಬಳಕಾಯಿ ಹೋಳು ಮಾಡಿಟ್ಟ ಹಾಗೆ.

"ನೋಡು, ಗಾಳಿಗೂ ಕಸ ಆಯ್ತು," ಎಂದಳು. "ಇದನ್ನ ತೊಳೆಯೋಕೆ ಯಾರನ್ನ ಕರೀತೀಯ? ನಾಳೆ ಬೇಡ, ಈಗ್ಲೇ ಹೇಳು. ಅವ್ರ ಎದುರಿಗೇ ಹೇಳು."

ಮೇಸ್ತ್ರಿ ಜೇಬಿನಿಂದ ಕರವಸ್ತ್ರ ತೆಗೆದು ಉಜ್ಜಿದ. ಕಪ್ಪು ಇನ್ನಷ್ಟು ಅಗಲವಾಯಿತು. ಕಾರಿನ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಉಳಿದ ನಾವು ಯಾರೂ ಏಳಲಿಲ್ಲ.

ಅತ್ತೆ ಇನ್ನೂ ಬೆಳ್ಳಗಿದ್ದ ಕಡೆಗೆ ಎರಡು ಹೆಜ್ಜೆ ಸರಿದು, ಕೂತಳು.