ಅತ್ತೆಯ ಕಂಪ್ಯೂಟರಿನ ಧೂಳು

ತನ್ನ ರಿಪೇರಿ ಅಂಗಡಿಗೆ ಯಾರೇ ಬರಲಿ, ಅವರ ಕಂಪ್ಯೂಟರ್ ಬಿಚ್ಚುವ ಮೊದಲು ಅವನು ಒಂದು ಭಾಷಣ ಬಿಗಿಯುತ್ತಿದ್ದ. "ಒಣ ಹವೆಯಲ್ಲಿ ಮೈಮೇಲೆ ಕರೆಂಟು ಕೂತಿರುತ್ತೆ ಸ್ವಾಮಿ, ಕಣ್ಣಿಗೆ ಕಾಣಲ್ಲ. ಧೂಳು ಒರೆಸೋಕೆ ಹೋಗಿ ಬೆರಳು ತಾಗಿಸಿದ್ರೆ ಒಳಗಿನ ಸಾಮಾನು ಢಮಾರ್." ಹೀಗೆಂದು ಮಣಿಕಟ್ಟಿಗೆ ಪಟ್ಟಿ ಸುತ್ತಿ, ಅದರ ವೈರನ್ನು ಕಂಪ್ಯೂಟರಿನ ಲೋಹದ ಮೈಗೆ ಸಿಕ್ಕಿಸಿಕೊಂಡು, ಮೈಯ ಕರೆಂಟು ಹಾಗೇ ಹರಿದುಹೋಗಲಿ ಎಂದು ಗಂಭೀರವಾಗಿ ಕೆಲಸಕ್ಕಿಳಿಯುತ್ತಿದ್ದ.

ಆದರೆ ಆ ಭಾನುವಾರ ಅವನು ಅಂಗಡಿಯವನಲ್ಲ, ಬರೀ ಅಳಿಯ. ಅತ್ತೆಯ ಕಂಪ್ಯೂಟರ್ ಧೂಳು ತಿಂದು ಗೊರಕೆ ಹೊಡೆಯುತ್ತಿತ್ತು. ಅದರೊಳಗೆ ಅತ್ತೆ ಎಂಟು ವರ್ಷದಿಂದ ಬರೆಯುತ್ತಿದ್ದ ಆತ್ಮಕಥೆ ಇತ್ತು. ನೆಂಟರಿಷ್ಟರ ಜನ್ಮವನ್ನೆಲ್ಲ ಅದರಲ್ಲಿ ಜಾಲಾಡಿದ್ದರಂತೆ.

"ಚಿಕ್ಕಪ್ಪನಿಗೇ ಹನ್ನೊಂದು ಪುಟ ಆಗಿದೆ, ನಿಮಗೆ ಮಾತ್ರ ಒಂದೇ ಸಾಲು," ಎಂದಿದ್ದಳು ಹೆಂಡತಿ.

"ಏನಂತೆ ಆ ಸಾಲು?"

"ನಾನ್ಯಾಕೆ ಹೇಳಲಿ, ನೀವೇ ಓದ್ಕೊಳ್ಳಿ."

ಹದಿನಾಲ್ಕು ವರ್ಷದ ಅಳಿಯತನಕ್ಕೆ ಒಂದೇ ಸಾಲೇ ಎಂದು ಅವನಿಗೆ ಹೊಟ್ಟೆ ಉರಿಯಿತು. ಆದರೂ ಆ ಒಂದು ಸಾಲಾದರೂ ಚೆನ್ನಾಗಿರಲಿ ಎಂಬ ಆಸೆ ಬಿಡಲಿಲ್ಲ. ಅದಕ್ಕೇ ಮಣಿಕಟ್ಟಿನ ಪಟ್ಟಿಯನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಕಟ್ಟಿಹಾಕಿದ ಕರುವಿನ ಹಾಗೆ ಅತ್ತೆಯ ಕಣ್ಣಿಗೆ ಬಿದ್ದರೆ ಅದೂ ಪುಸ್ತಕಕ್ಕೆ ಹೋಗುತ್ತದೆಂಬ ಭಯ.

ಕೆಲಸವೇನೋ ಸೊಗಸಾಗಿಯೇ ನಡೆಯಿತು. ಫ್ಯಾನಿನ ರೆಕ್ಕೆ ತಿರುಗದಂತೆ ಪೆನ್ಸಿಲ್ ಒತ್ತಿಹಿಡಿದು ಬ್ರಷ್ಷಿನಿಂದ ಧೂಳು ಕೆರೆದ. ಅತ್ತೆ ವ್ಯಾಕ್ಯೂಮ್ ಕ್ಲೀನರ್ ಎಳೆದು ತಂದಾಗ, "ಅದು ಬೇಡ ಅತ್ತೆ, ಅದರ ಪ್ಲಾಸ್ಟಿಕ್ ಮೂತಿಯಲ್ಲೂ ಕರೆಂಟು ಕೂರುತ್ತೆ," ಎಂದು ಬುದ್ಧಿ ಹೇಳಿದ. ಆಮೇಲೆ ಟೀ ಕುಡಿಯಲು ಎದ್ದ. ಕಾಲಲ್ಲಿ ನೈಲಾನ್ ಕಾಲುಚೀಲ, ನೆಲದ ಮೇಲೆ ಗೋಡೆಯಿಂದ ಗೋಡೆಗೆ ಹೊಸ ಕಾರ್ಪೆಟ್. ಅಡುಗೆಮನೆಗೂ ಕೋಣೆಗೂ ನಾಲ್ಕು ಸಲ ಕಾಲೆಳೆದುಕೊಂಡು ಓಡಾಡಿ, ಬಂದವನೇ ರ‍್ಯಾಮ್ ಎಂಬ ಮೆಮೊರಿ ಬಿಲ್ಲೆ ಸರಿಯಾಗಿ ಕೂತಿದೆಯೇ ಎಂದು ಬೆರಳಿಟ್ಟ.

ಚಿಟ್ ಎಂದಿತು.

ಸ್ವಿಚ್ ಹಾಕಿದರೆ ಕಂಪ್ಯೂಟರ್ ಮೂರು ಸಲ ಕೀರಲು ದನಿ ತೆಗೆದು ಸುಮ್ಮನಾಯಿತು.

"ನನ್ನ ಪುಸ್ತಕ ಹೋಯ್ತಾ?" ಅತ್ತೆ ಬಾಗಿಲಲ್ಲೇ ನಿಂತು ಕೇಳಿದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ಅವನು ಯಾವತ್ತೂ ಕೇಳಿರಲಿಲ್ಲ. ಪಾಪ ಅನ್ನಿಸಿತು.

"ಪುಸ್ತಕ ಇರೋದು ಹಾರ್ಡ್ ಡಿಸ್ಕಿನಲ್ಲಿ, ಭದ್ರವಾಗಿದೆ ಅತ್ತೆ. ಈ ರ‍್ಯಾಮ್ ಒಂದು ಹಳೇದಾಗಿತ್ತು, ಇವತ್ತಲ್ಲ ನಾಳೆ ಹೋಗೋದೇ," ಎಂದು ಕಣ್ಣು ಮಿಟುಕಿಸದೆ ಬುರುಡೆ ಬಿಟ್ಟ. ಚೀಲದಲ್ಲಿದ್ದ ಇನ್ನೊಂದನ್ನು ಹಾಕಿದ. ಈ ಸಲ ಪಟ್ಟಿ ಕಟ್ಟಿಕೊಂಡೇ ಹಾಕಿದ. ಕಂಪ್ಯೂಟರ್ ಗೊರಕೆಯಿಲ್ಲದೆ ಎದ್ದಿತು, ಪುಸ್ತಕವೂ ತೆರೆದುಕೊಂಡಿತು.

ಅತ್ತೆಗೆ ಹೋದ ಜೀವ ಬಂದಂತಾಯಿತು. "ನಿಮ್ಮ ಸಾಲು ಓದ್ಬೇಕು ಅಂತಿದ್ರಂತಲ್ಲ ಅಳಿಯಂದ್ರೆ. ಓದಿ," ಎಂದು ತಾವೇ ಆ ಪುಟ ತೆಗೆದುಕೊಟ್ಟರು.

ಅವನು ಓದಿದ. 'ನಮ್ಮ ಅಳಿಯಂದಿರ ಕೈ ಚಿನ್ನದಂಥದ್ದು, ಆದರೆ ಬಾಯಿ ಬಿಟ್ಟರೆ ಸುಳ್ಳು.'

ಕೋಪವೇನೋ ಬಂತು, ಆದರೆ ಅದನ್ನು ತೋರಿಸುವ ಮುಖವಿರಲಿಲ್ಲ. ಸುಳ್ಳು ಹೇಳಿ ಇನ್ನೂ ಹತ್ತು ನಿಮಿಷವಾಗಿರಲಿಲ್ಲ. ಸುಟ್ಟ ರ‍್ಯಾಮನ್ನು ಚೀಲದಿಂದ ತೆಗೆದು ಅತ್ತೆಯ ಮುಂದಿಟ್ಟ.

"ಅತ್ತೆ, ಅದು ಹಳೇದಾಗಿ ಹೋಗಿದ್ದಲ್ಲ. ಕಾರ್ಪೆಟ್ ಮೇಲೆ ಓಡಾಡಿ ಮೈಗೆ ಕರೆಂಟು ಹತ್ತಿಸಿಕೊಂಡು ಬಂದು ನಾನೇ ಮುಟ್ಟಿಬಿಟ್ಟೆ. ನನ್ನ ಕೈಯಿಂದಲೇ ಸುಟ್ಟುಹೋಯ್ತು."

ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಏರಿಸಿ, ಒಂದೇ ಬೆರಳಿನಲ್ಲಿ ಆ ಸಾಲನ್ನು ಪೂರ್ತಿ ಅಳಿಸಿದರು. ಬೆನ್ನ ಹಿಂದೆ ನಿಂತು ಅವನು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಒಂದೊಂದೇ ಅಕ್ಷರ ಮೂಡತೊಡಗಿತು.

'ನಮ್ಮ ಅಳಿಯಂದಿರು ಸತ್ಯವಂತರು. ಅವರ ಕೈಗೆ ಏನನ್ನೂ ಕೊಡಬೇಡಿ.'