ಒಂದು ಮಾರು

ವ್ಯಾನು ಓಣಿಯೊಳಗೆ ಹಿಮ್ಮುಖವಾಗಿ ಬರಬೇಕಿತ್ತು. ಒಂದು ಕಡೆ ಎದುರುಮನೆಯ ಕಾಂಪೌಂಡು, ಇನ್ನೊಂದು ಕಡೆ ನೀರಿನ ಮೀಟರುಗಳ ಸಾಲು. ವ್ಯಾನಿನ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿದ. ಅಲ್ಲಿ ನಲವತ್ತು ಜನ ನಿಂತಿದ್ದರು. ನಲವತ್ತು ಜನವೂ ಕೈ ಎತ್ತಿ ಅವನಿಗೆ ದಾರಿ ತೋರಿಸುತ್ತಿದ್ದರು. ಒಬ್ಬ ಎಡಕ್ಕೆ ಎನ್ನುತ್ತಿದ್ದ, ಇನ್ನೊಬ್ಬ ಬಲಕ್ಕೆ ಎನ್ನುತ್ತಿದ್ದ. ಬಿಳಿಮೀಸೆಯವರೊಬ್ಬರು ಗಾಳಿಯಲ್ಲೇ ಸ್ಟೇರಿಂಗ್ ತಿರುಗಿಸಿ ತೋರಿಸುತ್ತಿದ್ದರು.

ಡ್ರೈವರಿಗೆ ಬೆವರು ಕಿತ್ತುಕೊಂಡು ಬಂತು. ಶವದ ವ್ಯಾನು ಓಡಿಸಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು. ಸಾವಿನ ಮನೆಯಲ್ಲಿ ಜನ ವ್ಯಾನಿನ ಕಡೆ ತಿರುಗಿಯೂ ನೋಡುವುದಿಲ್ಲ. ಇಲ್ಲಿ ಎಲ್ಲರ ಕಣ್ಣೂ ಅವನ ಹಿಂದಿನ ಚಕ್ರದ ಮೇಲಿತ್ತು. ಕೊನೆಗೆ ಮನೆಯ ಮಗಳು ಹೊರಗೆ ಬಂದು ಅವನಿಗೆ ವಿಷಯ ತಿಳಿಸಿದಳು. ತೀರಿಕೊಂಡವರು ಅವಳ ಅಪ್ಪ. ಬಸ್ ಡಿಪೋದಲ್ಲಿ ಹೊಸ ಡ್ರೈವರುಗಳಿಗೆ ತರಬೇತಿ ಕೊಡುತ್ತಿದ್ದವರು. ಇವರೆಲ್ಲ ಅವರ ಶಿಷ್ಯರು.

"ಬೇಜಾರು ಮಾಡ್ಕೋಬೇಡಿ," ಎಂದಳು. "ನನ್ನ ಮದುವೆ ದಿನಾನೂ ಇವರು ಹೀಗೇ ಮಾಡಿದ್ರು. ಕಾರು ಹೊರಡೋಕೆ ಅರ್ಧ ಗಂಟೆ ಹಿಡೀತು."

ಒಳಗೆ ಮುಂದಿನ ಕೋಣೆಯಲ್ಲಿ ಮೇಷ್ಟ್ರನ್ನು ಮಲಗಿಸಿದ್ದರು. ಎಪ್ಪತ್ತಾರು ವರ್ಷ. ಹಿಂದಿನ ದಿನ ಊಟ ಮುಗಿಸಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಪೇಪರು ಹರಡಿಕೊಂಡು ಕೂತವರು ಏಳಲಿಲ್ಲ. ಹೆಂಡತಿ ಎರಡು ಸಲ ಕರೆದಿದ್ದಳು. ಮೂರನೆಯ ಸಲ ಬಂದು ನೋಡಿದಾಗ ಪೇಪರು ಕೆಳಗೆ ಬಿದ್ದಿತ್ತು. ಆಳು ಎತ್ತರ, ಕೈ ಇನ್ನೂ ಉದ್ದ. ಯಾವ ದರ್ಜಿ ಹೊಲಿದ ಅಂಗಿಯ ತೋಳೂ ಅವರ ಮಣಿಕಟ್ಟು ಮುಟ್ಟಿರಲಿಲ್ಲ. ಈಗ ಹಾಕಿದ್ದ ಹೊಸ ಅಂಗಿಯದೂ ಅದೇ ಗತಿ.

ಆ ಕೈಗಳಿಂದಲೇ ಅವರಿಗೆ ಮಾರು ಮೇಷ್ಟ್ರು ಎಂಬ ಹೆಸರು ಬಂದದ್ದು. ಹೊಸ ತಂಡ ಬಂದ ಮೊದಲ ದಿನ ಡಿಪೋದ ಅಂಗಳದ ನಡುವೆ ನಿಂತು ಎರಡೂ ಕೈ ಅಗಲಿಸುತ್ತಿದ್ದರು. ಸೈಕಲ್ಲನ್ನು ದಾಟುವಾಗ ಬಸ್ಸಿಗೂ ಅದಕ್ಕೂ ನಡುವೆ ಇಷ್ಟು ಜಾಗ ಇರಬೇಕು, ಒಂದು ಮಾರು, ಎನ್ನುತ್ತಿದ್ದರು. ಯಾರ ಮಾರು ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. ನಿನ್ನದಲ್ಲ, ನನ್ನದು ಎನ್ನುತ್ತಿದ್ದರು.

ಹತ್ತು ಗಂಟೆಗೆ ಬ್ರೆಡ್ಡಕ್ಕ ಬಂದಳು. ಎಂಬತ್ತು ವರ್ಷದ ಮುದುಕಿ. ಬೆನ್ನು ಬಾಗಿದ್ದರೂ ನಡಿಗೆ ಚುರುಕು. ಕಂಕುಳಲ್ಲಿ ದೊಡ್ಡ ಪೊಟ್ಟಣ. ಅದನ್ನು ಕಂಡು, ಮೇಷ್ಟ್ರ ಪಕ್ಕದಲ್ಲಿ ಕೂತಿದ್ದ ಹೆಂಡತಿ ತಲೆ ಎತ್ತಿದಳು.

"ಇವತ್ತೂ ಬ್ರೆಡ್ಡೇನಾ ಅಕ್ಕಾ?"

"ಇಷ್ಟು ಜನ ಸೇರಿದಾರೆ. ಬೆಳಿಗ್ಗೆಯಿಂದ ಯಾರೂ ಏನೂ ತಿಂದಿರಲ್ಲ," ಎಂದಳು ಬ್ರೆಡ್ಡಕ್ಕ. "ಅವನಂತೂ ಬೇಡ ಅಂತಿರಲಿಲ್ಲ."

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಮಗಳು ಓಡಿಬಂದಳು. ನೋಡಿದರೆ ನಗುತ್ತಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಡ್ರೈವರ್ ಹೆಣ್ಣುಮಗಳೊಬ್ಬಳು ಈ ಅಜ್ಜಿ ಯಾರು, ಮೇಷ್ಟ್ರ ಅಕ್ಕನೇ ಎಂದು ಮೆಲ್ಲಗೆ ಕೇಳಿದಳು. ಅಕ್ಕನಲ್ಲ, ಅವರು ಕೆಡವಿದ ಹೆಂಗಸು ಎಂದಳು ಹೆಂಡತಿ.

* * *

ಆಗ ಮೇಷ್ಟ್ರಿಗೆ ಇಪ್ಪತ್ತೆಂಟು. ಇನ್ನೂ ಮೇಷ್ಟ್ರಾಗಿರಲಿಲ್ಲ, ಮದುವೆಯಾಗಿ ಎಂಟು ತಿಂಗಳಾಗಿತ್ತು. ಬೆಳಿಗ್ಗೆ ಏಳು ಹತ್ತಕ್ಕೆ ಹೊರಟು, ಸೇತುವೆ ದಾಟಿ ರೈಲ್ವೆ ಸ್ಟೇಷನ್ನಿಗೆ ಹೋಗುವ ಬಸ್ಸು ಅವರದು. ರೈಲು ಯಾರಿಗೂ ಕಾಯುವುದಿಲ್ಲವಾದ್ದರಿಂದ ಅವರ ಬಸ್ಸೂ ಯಾರಿಗೂ ಕಾಯುತ್ತಿರಲಿಲ್ಲ. ಒಂದು ನಿಮಿಷ ತಡಮಾಡದ ಡ್ರೈವರು ಎಂದು ಡಿಪೋದಲ್ಲಿ ಹೆಸರಿತ್ತು, ಅವರಿಗೂ ಆ ಹೆಸರಿನ ಮೇಲೆ ಆಸೆಯಿತ್ತು.

ಒಂದು ದಿನ ಸೇತುವೆಯ ಮೇಲೆ, ಬೇಕರಿಯ ಹೆಂಗಸೊಬ್ಬಳು ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಏರು ಹತ್ತುತ್ತಿದ್ದಳು. ಇವರು ಹಾರನ್ ಬಾರಿಸಿ, ಅವಳ ಮೊಣಕೈ ಪಕ್ಕದಲ್ಲೇ ಬಸ್ಸು ನುಗ್ಗಿಸಿದರು. ಕನ್ನಡಿಯಲ್ಲಿ ನೋಡಿದಾಗ ರಸ್ತೆಯ ತುಂಬ ಬ್ರೆಡ್ಡು ಉರುಳುತ್ತಿತ್ತು. ಯಾರೋ ಬಿದ್ದರು ಎಂದು ಕಂಡಕ್ಟರು ಕೂಗಿದ. ತಾಗಿಲ್ಲವಲ್ಲ ಎಂದು ಇವರು ಬಸ್ಸು ನಿಲ್ಲಿಸಲಿಲ್ಲ. ಪ್ರಯಾಣಿಕರಿಗೆ ರೈಲು ಸಿಕ್ಕಿತು. ಇವರಿಗೆ ಮಾತ್ರ ಆ ದಿನ ಮನೆಯಲ್ಲಿ ಊಟ ಸೇರಲಿಲ್ಲ.

ಮಾರನೆಯ ದಿನ ಆ ಹೆಂಗಸು ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಬಲಗೈಯಲ್ಲಿ ಸೈಕಲ್ ತಳ್ಳಿಕೊಂಡು ಡಿಪೋಗೆ ಬಂದಳು. ಏಳು ಹತ್ತರ ಡ್ರೈವರು ಯಾರು ಎಂದು ಕೇಳಿದಳು. ಇವರು ಮುಂದೆ ಬಂದರು.

"ಬಸ್ಸು ನಿಮ್ಮನ್ನ ಮುಟ್ಟೇ ಇಲ್ಲ," ಎಂದರು.

"ಮುಟ್ಟಿಲ್ಲ ಅಂತ ನಾನೂ ಹೇಳ್ತೀನಿ," ಎಂದಳು ಅವಳು. "ಈ ಸೈಕಲ್ ಮೇಲೆ ಕೂತ್ಕೊಳ್ಳಿ. ಇವರಲ್ಲೇ ಯಾರಾದರೂ ನಿಮ್ಮನ್ನ ಮುಟ್ಟದೇ ಒಂದು ಸಲ ಬಸ್ಸು ಓಡಿಸ್ಲಿ."

ಸುತ್ತ ನಿಂತವರಿಗೆ ಮೋಜು. ಇವರು ಜಂಬದಲ್ಲೇ ಸೈಕಲ್ ಹತ್ತಿ, ಗೋಡೆ ಪಕ್ಕ ಒಂದು ಕಾಲು ಊರಿ ಕೂತರು. ಮೆಕ್ಯಾನಿಕ್ ಒಬ್ಬ ಖಾಲಿ ಬಸ್ಸನ್ನು ಅಂಗಳದ ಆ ತುದಿಯಿಂದ ಬಿಟ್ಟುಕೊಂಡು ಬಂದ. ಬಸ್ಸು ಹೋದ ಮೇಲೆ ನೋಡಿದರೆ ಇವರ ಟೋಪಿ ಶೆಡ್ಡಿನ ಮಾಡಿನ ಮೇಲಿತ್ತು, ಸೈಕಲ್ ಕೆಳಗಿತ್ತು, ಇವರು ಎರಡೂ ಕೈಯಿಂದ ಗೋಡೆ ತಬ್ಬಿಕೊಂಡಿದ್ದರು. ಡಿಪೋ ಒಂದು ವಾರ ನಕ್ಕಿತು.

ಇವರು ಗೋಡೆ ಬಿಟ್ಟು ಬಂದು, ಕೈ ಸರಿಹೋಗೋಕೆ ಎಷ್ಟು ದಿನ ಹೇಳಿದಾರೆ ಎಂದು ಕೇಳಿದರು. ಆರು ವಾರ ಎಂದಳು. ಆರು ವಾರ ಮನೆಮನೆಗೆ ಬ್ರೆಡ್ಡು ನಾನು ಹಾಕ್ತೀನಿ ಎಂದರು.

ಅಂದೇ ಮಧ್ಯಾಹ್ನದ ಪಾಳಿ ಕೇಳಿ ಪಡೆದರು. ಶಾಲೆ ಬಿಟ್ಟ ಮೇಲೆ ಸೈಕಲ್ ತುಳಿದವರಲ್ಲ. ಮೊದಲ ದಿನ ಅರ್ಧ ಬೀದಿಯ ಬ್ರೆಡ್ಡು ಬೇರೆ ಬೀದಿಗೆ ಹೋಯಿತು. ಎರಡನೆಯ ದಿನದಿಂದ ಅವಳೇ ಪ್ಲಾಸ್ಟರ್ ಕೈ ಎದೆಗೆ ಕಟ್ಟಿಕೊಂಡು, ಬುಟ್ಟಿಯನ್ನು ಮುಂದಕ್ಕೆ ಕಟ್ಟಿಸಿ, ಹಿಂದೆ ಕ್ಯಾರಿಯರ್ ಮೇಲೆ ಕೂತು ಮನೆ ತೋರಿಸತೊಡಗಿದಳು. ಬಸ್ಸು ಹತ್ತಿರ ಬಂದಾಗೆಲ್ಲ ಇವರ ಬೆನ್ನಿಗೆ ಗುದ್ದಿ, ಅಲುಗಾಡಬೇಡ, ನೇರ ಹೋಗು ಎನ್ನುತ್ತಿದ್ದಳು. ಮೂರನೆಯ ದಿನ ಸೇತುವೆಯ ಮೇಲೆ ಅವರ ಗೆಳೆಯನೇ ಓಡಿಸುತ್ತಿದ್ದ ಏಳು ಹತ್ತರ ಬಸ್ಸು ಮೊಣಕೈ ಸವರಿಕೊಂಡು ಹೋಯಿತು. ಮನೆಗೆ ಬಂದವರು ಹೆಂಡತಿಯ ಮುಂದೆ ಕೂತರು.

"ಒಳಗೆ ಕೂತಾಗ ಬಸ್ಸು ಅಷ್ಟು ದೊಡ್ಡದು ಅನ್ನಿಸಲ್ಲ ಕಣೇ," ಎಂದರು.

* * *

"ಆರು ವಾರ ನಮ್ಮನೇಲಿ ಬೆಳಿಗ್ಗೆಗೂ ಬ್ರೆಡ್ಡು, ರಾತ್ರಿಗೂ ಬ್ರೆಡ್ಡು," ಎಂದಳು ಹೆಂಡತಿ. ಮಿಕ್ಕಿದ್ದನ್ನೆಲ್ಲ ಬ್ರೆಡ್ಡಕ್ಕ ಕೊಟ್ಟು ಕಳಿಸುತ್ತಿದ್ದಳಂತೆ. ಯಾರಪ್ಪಾ ಈ ಹೆಂಗಸು ಎಂದು ನೋಡಲು ನಾನೇ ಒಂದು ದಿನ ಬೇಕರಿಗೆ ಹೋಗಿದ್ದೆ, ಜಗಳ ಮಾಡುವುದಕ್ಕೇ ಹೋಗಿದ್ದೆ, ಬರುವಾಗ ರಸ್ಕು ಹಿಡಿದುಕೊಂಡು ಬಂದೆ ಎಂದಳು.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಮೂಲೆಯ ಕುರ್ಚಿಯಲ್ಲಿದ್ದ ಹಳೆಯ ಡಿಪೋ ಮ್ಯಾನೇಜರು ಎಲ್ಲರಿಗಿಂತ ತಡವಾಗಿ ನಗಲು ಶುರುಮಾಡಿ ಎಲ್ಲರಿಗಿಂತ ತಡವಾಗಿ ನಿಲ್ಲಿಸಿದರು. ಮೇಷ್ಟ್ರು ತನ್ನನ್ನೂ ಹಾಗೇ ಸೈಕಲ್ ಮೇಲೆ ಕೂರಿಸಿದ್ದರು ಎಂದರು.

* * *

ಮೇಷ್ಟ್ರು ತರಬೇತಿ ಕೊಡುವ ಕೆಲಸಕ್ಕೆ ಬಂದ ಮೇಲೆ ಡಿಪೋದ ಗೋಡೆಯ ಪಕ್ಕ ಐದು ಹಳೆಯ ಸೈಕಲ್ಲುಗಳನ್ನು ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸಿದ್ದರು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಹೊಸ ಡ್ರೈವರುಗಳನ್ನು ಅದರ ಮೇಲೆ ಕೂರಿಸಿ ಬಸ್ಸು ಓಡಿಸುತ್ತಿದ್ದರು. ಮೊದಲು ಒಂದು ಮೊಳ ಬಿಟ್ಟು, ಆಮೇಲೆ ಎರಡು ಮೊಳ, ಕೊನೆಗೆ ಒಂದು ಮಾರು. ಎಷ್ಟು ಜಾಗ ಬಿಡಬೇಕು ಎಂದು ಆಮೇಲೆ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗುತ್ತಿರಲಿಲ್ಲ.

ಆದರೆ ಬಸ್ಸುಗಳು ತಡವಾಗತೊಡಗಿದವು. ಸೇತುವೆಯ ಮೇಲೆ ಮುಂದೆ ಸೈಕಲ್ ಇದ್ದರೆ ಮೇಷ್ಟ್ರ ಶಿಷ್ಯರು ಏರು ಮುಗಿಯುವವರೆಗೂ ಹಿಂದೆಯೇ ಹೋಗುತ್ತಿದ್ದರು. ಸ್ಟೇಷನ್ನಿನ ಪ್ರಯಾಣಿಕರಿಂದ ದೂರು ಬಂತು, ಮೇಲಿನವರಿಂದ ಪತ್ರ ಬಂತು. ಮ್ಯಾನೇಜರು ಮೇಷ್ಟ್ರನ್ನು ಕರೆಸಿ, ಈ ಸರ್ಕಸ್ಸು ಇವತ್ತಿಗೆ ನಿಲ್ಲಬೇಕು, ಇಲ್ಲದಿದ್ದರೆ ನಿಮ್ಮನ್ನು ಟಿಕೆಟ್ ವಿಭಾಗಕ್ಕೆ ಹಾಕುತ್ತೇನೆ ಎಂದರು.

ಹಾಕಿ ಸಾರ್, ಅದಕ್ಕೆ ಮುಂಚೆ ಒಂದೇ ಒಂದು ಸಲ ಕೂತ್ಕೊಳ್ಳಿ ಎಂದರು ಮೇಷ್ಟ್ರು.

ಮ್ಯಾನೇಜರು ಕೈಯಲ್ಲಿ ಆ ಪತ್ರವನ್ನು ಹಿಡಿದುಕೊಂಡೇ ಕೂತರು. ಬಸ್ಸು ಒಂದು ಮೊಳ ಬಿಟ್ಟು ಹೋಯಿತು. ಪತ್ರವೂ ಅದರ ಜೊತೆ ಹೋಯಿತು. ಅದು ಮತ್ತೆ ಸಿಗಲಿಲ್ಲ. ಅವರು ಆ ಸೈಕಲ್ಲಿನಿಂದ ಇಳಿಯುವುದಕ್ಕೆ ಇಬ್ಬರ ಸಹಾಯ ಬೇಕಾಯಿತು. ಆ ಸಂಜೆ ಅವರು ಸ್ಟೇಷನ್ ಬಸ್ಸಿನ ವೇಳಾಪಟ್ಟಿ ತೆಗೆದು, ಏಳು ಹತ್ತನ್ನು ಹೊಡೆದುಹಾಕಿ ಏಳು ಆರು ಎಂದು ಬರೆದರು. ನಾಲ್ಕು ನಿಮಿಷ. ಆಮೇಲೆ ಯಾರಿಗೂ ರೈಲು ತಪ್ಪಲಿಲ್ಲ.

* * *

ಹತ್ತೂ ಮುಕ್ಕಾಲಿಗೆ ಹೊರಟರು. ಸ್ಮಶಾನದಲ್ಲಿ ಹನ್ನೊಂದಕ್ಕೆ ಸಮಯ ಕೊಟ್ಟಿದ್ದರು. ವ್ಯಾನಿನ ಮುಂದಿನ ಸೀಟಿನಲ್ಲಿ ಡ್ರೈವರಿನ ಪಕ್ಕ ಹೆಂಡತಿ, ಹಿಂದೆ ಮೇಷ್ಟ್ರ ಪಕ್ಕದ ಬೆಂಚಿನ ಮೇಲೆ ಮಗಳು ಮತ್ತು ಬ್ರೆಡ್ಡಕ್ಕ. ಅದರ ಹಿಂದೆ ಡಿಪೋದವರ ಎರಡು ಬಸ್ಸು. ಓಣಿಯಿಂದ ಹೊರಗೆ ಬರುವಾಗ ಮತ್ತೆ ನಲವತ್ತು ಕೈ ಎದ್ದವು. ಈ ಸಲ ವ್ಯಾನಿನ ಡ್ರೈವರು ಯಾರ ಕಡೆಗೂ ನೋಡದೆ ಚೆನ್ನಾಗಿಯೇ ತಿರುಗಿಸಿದ. ಬಿಳಿಮೀಸೆಯವರು ತಲೆದೂಗಿದ್ದು ಕನ್ನಡಿಯಲ್ಲಿ ಕಂಡು ಅವನಿಗೆ ಸ್ವಲ್ಪ ಜೀವ ಬಂತು.

ಸೇತುವೆಯ ಏರಿನಲ್ಲಿ ಮುಂದೆ ಒಬ್ಬ ಸೈಕಲ್ ಸವಾರ ಸಿಕ್ಕಿದ. ನರ್ಸರಿಯವನಿರಬೇಕು, ಕ್ಯಾರಿಯರ್ ಮೇಲೆ ಕುಂಡ ಕಟ್ಟಿದ್ದ, ಕುಂಡದಲ್ಲಿ ಅವನಿಗಿಂತ ಎತ್ತರದ ಗಿಡ. ಎದುರಿನಿಂದ ಬರುವ ವಾಹನಗಳ ಸಾಲು ಮುರಿಯುವಂತೆ ಕಾಣಲಿಲ್ಲ. ಡ್ರೈವರು ಗಡಿಯಾರ ನೋಡಿದ. ಕೈ ಹಾರನ್ ಕಡೆ ಹೋಯಿತು.

"ಹನ್ನೊಂದು ದಾಟಿದ್ರೆ ಕಷ್ಟ ಅಮ್ಮ. ಇವನೊಬ್ಬನನ್ನ ದಾಟಿಬಿಟ್ರೆ ಸರಿಹೋಗುತ್ತೆ."

"ಜಾಗ ಇದ್ರೆ ದಾಟಿ," ಎಂದಳು ಹೆಂಡತಿ.

ಅವನು ಕತ್ತು ಚಾಚಿ ಅಳೆದ. "ಒಂದು ಮೊಳ ಸಿಗುತ್ತೆ."

"ಮೊಳಕ್ಕೇ ನಾನು ಬಿದ್ದಿದ್ದು," ಎಂದಳು ಹಿಂದಿನಿಂದ ಬ್ರೆಡ್ಡಕ್ಕ.

ಡ್ರೈವರು ಹಾರನ್ನಿನಿಂದ ಕೈ ತೆಗೆದ. ಕನ್ನಡಿಯಲ್ಲಿ ಎರಡು ಬಸ್ಸುಗಳು ಆಗಲೇ ವೇಗ ಇಳಿಸಿ, ಅವನು ಏನು ಮಾಡುತ್ತಾನೆಂದು ನೋಡುತ್ತ ಬರುತ್ತಿದ್ದವು. ಅವನು ಎರಡನೆಯ ಗೇರಿಗೆ ಇಳಿದ, ಆಮೇಲೆ ಮೊದಲನೆಯದಕ್ಕೆ.

"ತಡ ಆದ್ರೆ ಆಗಲಿ ಬಿಡಿ," ಎಂದಳು ಹೆಂಡತಿ, ಸೀಟಿಗೆ ಒರಗಿಕೊಳ್ಳುತ್ತ. "ನಮ್ಮನೆಯವರೇನೂ ಅಂದ್ಕೊಳ್ಳಲ್ಲ."

ಹಿಂದೆ ಎಲ್ಲೋ ಒಂದು ಕಾರು ಹಾರನ್ ಹೊಡೆಯಿತು. ಸ್ವಲ್ಪ ಹೊತ್ತಿನಲ್ಲಿ ಅದೂ ಸುಮ್ಮನಾಯಿತು. ಬಿಸಿಲು ಚೆನ್ನಾಗಿತ್ತು. ಕೆಳಗೆ ನೀರು ಹೊಳೆಯುತ್ತಿತ್ತು. ಮುಂದಿನ ಸವಾರ ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದ, ಗಿಡ ಅತ್ತಿತ್ತ ಓಲಾಡುತ್ತಿತ್ತು. ಹಿಂದೆ ಯಾವುದೋ ಗಾಡಿ ದಾಟದೆ ಗುರುಗುಟ್ಟುತ್ತಿರುವುದರಿಂದ ಅವನಿಗೆ ಇರುಸುಮುರುಸಾಗಿರಬೇಕು. ಹಿಂತಿರುಗಿ ನೋಡುವಂತಿಲ್ಲ, ಗಿಡ ಅಡ್ಡ. ಅವನು ಒಂದು ಕೈ ಬಿಟ್ಟು, ಮುಂದೆ ಹೋಗಿ, ಮುಂದೆ ಹೋಗಿ ಎಂದು ಬೀಸಿದ. ವ್ಯಾನು ಹಿಂದೆಯೇ ಉಳಿಯಿತು. ಅವನು ಇನ್ನೂ ಜೋರಾಗಿ ಬೀಸಿದ. ವ್ಯಾನಿನ ಗಾಜಿನ ಹಿಂದೆ ಹೆಂಡತಿಯೂ ಕೈ ಎತ್ತಿ, ಗುರುತಿನವರಿಗೆ ಬೀಸುವಂತೆ ಅವನ ಕಡೆಗೆ ಬೀಸಿದಳು.